ದೊಡ್ಡ ಹಗಲಿನ ಹಬ್ಬಕ್ಕೆ ಸೂರ್ಯನನ್ನು ಹುಡುಕಿದ್ದು

ನಮ್ಮ ಅತ್ತೆಗೆ ಎಪ್ಪತ್ತೊಂದು ವರ್ಷ. ಇಷ್ಟು ವರ್ಷದಲ್ಲಿ ಒಂದು ಹಬ್ಬವನ್ನೂ ಬಿಟ್ಟವಳಲ್ಲ ಅನ್ನುವುದು ಅವರ ದೊಡ್ಡ ಹೆಮ್ಮೆ. ಕಾಲು ಮುರಿದು ಪಟ್ಟಿ ಹಾಕಿಸಿಕೊಂಡಿದ್ದ ವರ್ಷವೂ ಮಂಚದ ಮೇಲೆ ಕೂತೇ ಒಬ್ಬಟ್ಟು ತಟ್ಟಿದವರು. ಹಾಗಾಗಿ ಜೂನ್ ತಿಂಗಳ ಒಂದು ಸಂಜೆ ನನ್ನ ಹತ್ತು ವರ್ಷದ ಮಗಳು ಫೋನಿನಿಂದ ತಲೆ ಎತ್ತಿ, "ಅಜ್ಜಿ, ಈ ಭಾನುವಾರ ವರ್ಷದಲ್ಲೇ ದೊಡ್ಡ ಹಗಲು. ಬೇರೆ ದೇಶದಲ್ಲೆಲ್ಲ ಹಬ್ಬ ಮಾಡ್ತಾರೆ, ನಾವೂ ಮಾಡೋಣ" ಅಂದಾಗ ಅವರು ಸೊಪ್ಪು ಸೋಸುತ್ತಿದ್ದ ಕೈ ನಿಲ್ಲಿಸಿದರು.

"ಈ ವರ್ಷ ಮಾತ್ರನಾ, ಪ್ರತಿ ವರ್ಷ ಬತ್ತದಾ?"

"ಪ್ರತಿ ವರ್ಷ ಬರತ್ತೆ. ಜೂನ್ ಇಪ್ಪತ್ತೊಂದು."

"ಹಂಗಾರೆ ಎಪ್ಪತ್ತೊಂದು ಸಲ ಬಂದು ಹೋಗೈತೆ," ಅಂದರು ಅತ್ತೆ. ನನ್ನ ಕಡೆ ತಿರುಗಿದರು. "ನೀನು ಬಿಎಸ್ಸಿ ಓದಿರೋಳು. ಈ ಮನೆಗೆ ಬಂದು ಹನ್ನೆರಡು ವರ್ಷ ಆಯ್ತು. ಒಂದು ಮಾತು ಹೇಳ್ನಿಲ್ಲವಲ್ಲ ಕಣಮ್ಮ."

ಹೇಳಿರಲಿಲ್ಲ, ನಿಜ.

ಮಗಳು ಅವರಿಗೆ ವಿಡಿಯೋ ತೋರಿಸಿದಳು. ಅದ್ಯಾವುದೋ ಚಳಿ ದೇಶದಲ್ಲಿ ಬಿಳಿ ಮಕ್ಕಳು ತಲೆಗೆ ಹೂವಿನ ಕಿರೀಟ ಇಟ್ಟುಕೊಂಡು, ಹಸಿರು ಸುತ್ತಿದ ಒಂದು ಕಂಬದ ಸುತ್ತ ಕುಣಿಯುತ್ತಿದ್ದರು. ಅತ್ತೆ ಕನ್ನಡಕ ಹಾಕಿಕೊಂಡು ಕೊನೆಯ ತನಕ ನೋಡಿದರು. "ಎಡೆ ಎಲ್ಲಿ?" ಅಂದರು. ಎಡೆ ಇಲ್ಲ ಅಂದಳು ಮಗಳು. "ಎಡೆ ಇಲ್ದೆ ಎಂಥ ಹಬ್ಬ ಕಣೇ? ಇದು ಸ್ಕೂಲ್ ಡೇ."

ಚಳಿ ದೇಶದವರಿಗೆ ಹಬ್ಬ ಮಾಡಲು ಬರುವುದಿಲ್ಲ ಎಂದು ಖಾತ್ರಿಯಾದ ಮೇಲೆ ನಿಯಮಗಳನ್ನು ಅತ್ತೆಯೇ ಮಾಡಿದರು. ಬೆಳಿಗ್ಗೆ ಸೂರ್ಯ ಹುಟ್ಟುವ ಮುಂಚೆ ಎಲ್ಲರಿಗೂ ತಲೆಗೆ ನೀರು. ಹಗಲು ಯಾರೂ ಮಲಗಕೂಡದು. ಸೂರ್ಯನನ್ನು ಕಣ್ಣಾರೆ ಕಂಡು, ಕೈಮುಗಿದು, ಆಮೇಲೆ ಊಟ. ಅಲ್ಲಿಯವರೆಗೆ ಬಾಯಿಗೆ ನೀರು ಬಿಟ್ಟು ಬೇರೇನೂ ಇಲ್ಲ.

"ಯುಗಾದಿ ಚಂದ್ರನ್ನ ನೋಡ್ದೆ ಬುಡ್ತೀವಾ? ಹಂಗೇ ಇದು," ಅಂದರು.

"ಅತ್ತೆ, ಚಂದ್ರ ಹುಡುಕಿದ್ರೆ ಮಾತ್ರ ಸಿಗ್ತಾನೆ. ಸೂರ್ಯ ದಿನಾ ಕಾಣ್ತಾನಲ್ಲ," ಅಂದೆ.

"ಅದ್ಕೇ ಸುಲಭ ಕಣಮ್ಮ."

ಆಗ ಬೀದಿಯಲ್ಲಿ ಆಡುತ್ತಿದ್ದ ಆರು ವರ್ಷದ ಮಗ ಓಡಿ ಬಂದ. ಹಬ್ಬದ ವಿಷಯ ಕೇಳಿ ತಾನೂ ಒಂದು ನಿಯಮ ಹಾಕಿದ. ಉದ್ದ ಹಗಲಾದ್ದರಿಂದ ತಿನ್ನುವುದೆಲ್ಲ ಉದ್ದ ಇರಬೇಕು. ಇಡ್ಲಿ ಬೇಡ, ಮುದ್ದೆ ಬೇಡ. ಅತ್ತೆ ಅದನ್ನು ಬಹಳ ಯೋಗ್ಯವಾದ ಮಾತು ಎಂದು ಒಪ್ಪಿಕೊಂಡರು. ಒತ್ತು ಶಾವಿಗೆ, ಕಾಯಿಹಾಲು, ನುಗ್ಗೆಕಾಯಿ ಸಾರು, ಪಡವಲಕಾಯಿ ಪಲ್ಯ ಎಂದು ತೀರ್ಮಾನವಾಯಿತು. ಶಾವಿಗೆಯ ಎಳೆಯನ್ನು ಮುರಿಯಬಾರದು ಎಂದೂ ಮಗ ಸೇರಿಸಿದ.

ಅಂದು ನಾವು ಯಾರೂ ಯೋಚಿಸದೇ ಇದ್ದದ್ದು ಒಂದೇ: ಜೂನ್ ತಿಂಗಳು. ನಮ್ಮ ತಿಪಟೂರು ಸೀಮೆಯಲ್ಲಿ ಏಪ್ರಿಲ್, ಮೇ ತಿಂಗಳ ಸೂರ್ಯ ತೋಟದಲ್ಲಿ ನಿಂತವರ ನೆತ್ತಿ ಸುಡುತ್ತಾನೆ. ಜೂನ್ ಬಂತೆಂದರೆ ಪಡುವಣ ಗಾಳಿ ಬೀಸುತ್ತದೆ, ತೆಂಗಿನ ಗರಿಗಳೆಲ್ಲ ಒಂದೇ ಕಡೆ ಬಾಗುತ್ತವೆ, ಮೋಡ ಬಂದು ಕೂತುಕೊಳ್ಳುತ್ತದೆ. ಸರಿಯಾಗಿ ಸುರಿಯುವುದೂ ಇಲ್ಲ, ಬಿಟ್ಟು ಹೋಗುವುದೂ ಇಲ್ಲ.

ಭಾನುವಾರ ಬೆಳಿಗ್ಗೆ ಐದೂವರೆಗೆ ನಾವು ಐದೂ ಜನ ಒದ್ದೆ ತಲೆಯಲ್ಲಿ ಪೂರ್ವಕ್ಕೆ ಮುಖ ಮಾಡಿ ಅಂಗಳದಲ್ಲಿ ನಿಂತಿದ್ದೆವು. ಅತ್ತೆ ವಿಭೂತಿ ಧರಿಸಿ, ಲಿಂಗಪೂಜೆ ಮುಗಿಸಿ, ರೇಷ್ಮೆ ಸೀರೆ ಉಟ್ಟಿದ್ದರು. ಕತ್ತಲು ಹೋಗಿ ಬೆಳಕಾಯಿತು. ಆಕಾಶ ಬೂದಿ ಬಳಿದ ಹಿತ್ತಾಳೆ ಪಾತ್ರೆಯ ಹಾಗಿತ್ತು. ಸೂರ್ಯ ಹುಟ್ಟಿದನೋ ಇಲ್ಲವೋ ಯಾರಿಗೂ ಗೊತ್ತಾಗಲಿಲ್ಲ.

"ಬತ್ತಾನೆ ಬುಡು," ಅಂದರು ಅತ್ತೆ.

ಎಂಟು ಗಂಟೆಗೆ ಶಾವಿಗೆ ಒತ್ತಿದೆವು. ಒರಳಿನ ಹಿಡಿಯ ಮೇಲೆ ನಮ್ಮ ಯಜಮಾನರು ಭಾರ ಹಾಕಿ ಒತ್ತುತ್ತಿದ್ದರೆ, ಮಗ ಕೆಳಗೆ ಕೂತು "ತುಂಡಾಯ್ತು, ಇದು ಲೆಕ್ಕಕ್ಕಿಲ್ಲ" ಅನ್ನುತ್ತಿದ್ದ. ಒಂಬತ್ತಕ್ಕೆ ಕಾಯಿಹಾಲು ಏಲಕ್ಕಿ ವಾಸನೆ ಬಿಡುತ್ತಾ ಸಿದ್ಧವಾಯಿತು. ಮಗಳು ತೋಟದಿಂದ ಎಳೆ ಗರಿ ತಂದು ಐದು ಕಿರೀಟ ಹೆಣೆದಿದ್ದಳು. ಅತ್ತೆ ತಮ್ಮದನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರು. "ಈ ವಯಸ್ಸಲ್ಲಿ ನಂಗೆ ಬಾಸಿಂಗ ಕಟ್ತೀಯೇನೇ?" ಅಂದರು. ಬೇಡ ಅನ್ನುತ್ತಾರೆ ಅಂದುಕೊಂಡೆ. ಅವರು ಕನ್ನಡಿ ಮುಂದೆ ಹೋಗಿ, ಸೆರಗು ಸರಿಮಾಡಿ, ಅದನ್ನು ಸ್ವಲ್ಪ ಓರೆಯಾಗಿ ಇಟ್ಟುಕೊಂಡು ಬಂದರು.

ಹತ್ತು ಗಂಟೆಗೂ ಸೂರ್ಯ ಇಲ್ಲ. ಮಗ ಹೊಟ್ಟೆ ಹಿಡಿದುಕೊಂಡು ಜಗಲಿಯ ಮೇಲೆ ಉದ್ದಕ್ಕೆ ಮಲಗಿದ. "ಮಲಗೋ ಹಂಗಿಲ್ಲ ಕಣ್ಲಾ" ಎಂದು ಅತ್ತೆ ಎಬ್ಬಿಸಿದರು. ಯಜಮಾನರು ಕೊಬ್ಬರಿ ಅಟ್ಟ ನೋಡಿಕೊಂಡು ಬರುತ್ತೇನೆ ಎಂದು ಹೋಗಿ ಬಂದಾಗ ಮೀಸೆಯಲ್ಲಿ ಬಾಳೆಹಣ್ಣು ಇತ್ತು. ನಾನು ಕಣ್ಣಲ್ಲೇ ತೋರಿಸಿದೆ, ಒರೆಸಿಕೊಂಡರು.

ಅಷ್ಟರಲ್ಲಿ ದಂಡಿನಶಿವರದಿಂದ ನಾದಿನಿಯ ಫೋನು ಬಂತು. ಅಲ್ಲಿ ಒಳ್ಳೆ ಬಿಸಿಲು ಬಿದ್ದಿದೆಯಂತೆ. ಬೇಕಾದರೆ ವಿಡಿಯೋ ಮಾಡಿ ತೋರಿಸುತ್ತೇನೆ ಅಂದಳು. ಪರದೆಯ ಮೇಲೆ ಒಂದು ಬಿಳಿ ಚುಕ್ಕೆ ಬಂತು. ಮಗ ತಟ್ಟನೆ ಕೈಮುಗಿದು, "ಕಂಡ, ಕಂಡ, ಎಲೆ ಹಾಕಿ!" ಎಂದು ಕೂಗಿದ.

"ಫೋನಲ್ಲಿ ಅನ್ನ ತೋರ್ಸಿದ್ರೆ ಹೊಟ್ಟೆ ತುಂಬ್ತದೇನ್ಲಾ?" ಅಂದರು ಅತ್ತೆ. ಆಮೇಲೆ ತಮ್ಮ ಮಗನ ಕಡೆ ತಿರುಗಿ, "ಆಟೋ ತೆಗಿ" ಅಂದರು.

ನಮ್ಮ ಬಳಿ ಕಾಯಿ ಸಾಗಿಸುವ ಒಂದು ಲಗೇಜ್ ಆಟೋ ಇದೆ. ಯಜಮಾನರು ನನ್ನ ಮುಖ ನೋಡಿದರು. ನಾನು ಆಕಾಶ ನೋಡಿದೆ. ಹಸಿವು ಹೇಗಿತ್ತೆಂದರೆ, ಸೂರ್ಯ ಇರುವ ಊರಿಗೇ ಹೋಗುವುದು ಬಹಳ ಸರಿಯಾದ ಯೋಚನೆ ಅನ್ನಿಸಿತು. ಶಾವಿಗೆಯ ದೊಡ್ಡ ಡಬರಿ, ಕಾಯಿಹಾಲಿನ ಕ್ಯಾನು, ಸಾರಿನ ಪಾತ್ರೆ, ಬಾಳೆ ಎಲೆ, ಮಗಳು ಹಸಿರು ಗರಿ ಮತ್ತು ಚೆಂಡುಹೂ ಸುತ್ತಿದ್ದ ಆರಡಿ ಬಿದಿರು ಗಳ, ಎಲ್ಲ ಹಿಂದೆ ಹೇರಿದೆವು. ಅತ್ತೆ ಕಿರೀಟದೊಂದಿಗೆ ಮುಂದೆ ಕೂತರು. ನಾನು, ಮಕ್ಕಳು ಹಿಂದೆ, ಡಬರಿ ಹಿಡಿದುಕೊಂಡು. ಊರ ಬಾಗಿಲಲ್ಲಿ ಒಬ್ಬರು, "ಮದ್ವೆ ದಿಬ್ಬಣನೇನ್ರೀ?" ಅಂದರು. "ಹಬ್ಬ ಕಣಪ್ಪ," ಅಂದರು ಅತ್ತೆ, "ನಿಮ್ಮ ಮನೇಲಿ ಇಲ್ವಾ?" ಆ ಮನುಷ್ಯ ನಿಂತಲ್ಲೇ ಯೋಚನೆಗೆ ಬಿದ್ದ.

ದಂಡಿನಶಿವರ ತಲುಪುವ ಹೊತ್ತಿಗೆ ಅಲ್ಲಿ ತುಂತುರು ಹನಿ. ನಾದಿನಿ ಬೀದಿಯಲ್ಲಿ ನಿಂತು ಆಣೆ ಮಾಡಿದಳು. "ಈಗ ತಾನೇ ಇತ್ತು ಕಣಮ್ಮ. ಇಲ್ಲೇ, ಈ ಗೋಡೆ ಮೇಲೆ." ಅತ್ತೆ ಗೋಡೆಯನ್ನು ಮುಟ್ಟಿ ನೋಡಿದರು. ಬೆಚ್ಚಗಿರಲಿಲ್ಲ. ಟೀ ಅಂಗಡಿಯವನು ತುರುವೇಕೆರೆ ಕಡೆ ಬೆಳಕು ಕಾಣುತ್ತಿದೆ ಎಂದು ಕೈ ತೋರಿಸಿದ. ಮತ್ತೆ ಹೊರಟೆವು.

ತುರುವೇಕೆರೆ ದಾರಿಯಲ್ಲಿ ಹನ್ನೊಂದೂವರೆಯ ಹೊತ್ತಿಗೆ ಮಗಳು ನನ್ನ ಭುಜ ಹಿಡಿದು ಅಲ್ಲಾಡಿಸಿದಳು. "ಅಮ್ಮ, ಅಲ್ಲಿ!" ಬಲಗಡೆ ದೂರದಲ್ಲಿ, ಬೂದು ತೋಟಗಳ ನಡುವೆ ಒಂದೇ ಒಂದು ತೆಂಗಿನ ತೋಟ ಹಸಿರಾಗಿ ಹೊಳೆಯುತ್ತಿತ್ತು. ಅದರ ಮುಂದೆ ಹೆಂಚಿನ ಮನೆ. ಬಿಸಿಲು ಆ ಮನೆಯ ಮೇಲೆ ಮಾತ್ರ, ಅಳೆದು ಬಿಟ್ಟ ಹಾಗೆ ಬಿದ್ದಿತ್ತು. ಯಜಮಾನರು ಆಟೋವನ್ನು ಮಣ್ಣಿನ ರಸ್ತೆಗೆ ತಿರುಗಿಸಿದರು. ಡಬರಿ ಹಾರಿ ಹಾರಿ ಬೀಳುತ್ತಿತ್ತು. ಆ ಮನೆಯ ಅಂಗಳಕ್ಕೆ ನುಗ್ಗಿ ನಿಂತೆವು. ನಾವು ನಾಲ್ಕು ಜನ ಧುಮುಕಿ ಮೇಲೆ ನೋಡಿದೆವು. ಸೂರ್ಯ ಇದ್ದ. ಕೈಮುಗಿದೆವು. ಅತ್ತೆಗೆ ಮಂಡಿ ನೋವು. ಒಂದು ಕಾಲು ಕೆಳಗಿಟ್ಟು, ಕಿರೀಟ ಸರಿಮಾಡಿಕೊಂಡು, ಇನ್ನೊಂದು ಕಾಲು ಇಳಿಸುವುದರೊಳಗೆ ಮೋಡ ಮುಚ್ಚಿಕೊಂಡಿತು.

"ಎಲ್ಲವ್ನೆ?" ಅಂದರು.

ಅಷ್ಟರಲ್ಲಿ ಮನೆಯೊಳಗಿಂದ ಇಸ್ತ್ರಿ ಮಾಡಿದ ಬಿಳಿ ಅಂಗಿ, ಪಂಚೆಯ ದೊಡ್ಡ ಮೀಸೆಯ ಹಿರಿಯರೊಬ್ಬರು ಓಡಿ ಬಂದರು. ಹಿಂದೆಯೇ ಅವರ ಹೆಂಡತಿ, ಕೈಯಲ್ಲಿ ನೀರಿನ ತಂಬಿಗೆ.

"ಬನ್ನಿ, ಬನ್ನಿ! ದಾರಿ ಸಿಕ್ತಾ?" ಅಂದರು ಮೀಸೆಯವರು.

"ಬಿಸ್ಲು ನೋಡ್ಕಂಡು ಬಂದ್ವಿ," ಅಂದರು ನಮ್ಮ ಯಜಮಾನರು. ಅದು ನಿಜವೇ ಆಗಿತ್ತು.

"ಒಳ್ಳೇದಾಯ್ತು. ಬೆಳಗ್ಗಿಂದ ಮೋಡ ಬಿಟ್ಟಿರ್ಲಿಲ್ಲ. ಕಾಲು ತೊಳ್ಕಳಿ."

ಎಂಥ ಒಳ್ಳೆಯ ಜನ ಎಂದುಕೊಂಡೆ. ಪಡಸಾಲೆಯಲ್ಲಿ ಆರು ಪ್ಲಾಸ್ಟಿಕ್ ಕುರ್ಚಿ ಸಾಲಾಗಿ ಹಾಕಿದ್ದವು. ಕೂರಿಸಿದರು. ಉಪ್ಪಿಟ್ಟು, ಕೇಸರಿಬಾತು ಬಂತು. ಅತ್ತೆ ತಮ್ಮ ತಟ್ಟೆಯನ್ನು ಮುಟ್ಟದೆ, "ನಾನು ಮುಖ ನೋಡೋಗಂಟ ಉಣ್ಣಲ್ಲ ಕಣಮ್ಮ," ಅಂದರು. ನಾನೂ ತಟ್ಟೆ ಪಕ್ಕಕ್ಕಿಟ್ಟೆ. ಆ ಮನೆಯಾಕೆಗೆ ಅತ್ತೆಯ ಮಾತು ಬಹಳ ಮೆಚ್ಚಿಗೆಯಾದಂತೆ ಕಂಡಿತು. "ನೋಡಣ ಬಿಡಿ, ಈಗ ಬರ್ತಾಳೆ," ಅಂದರು. ನಮ್ಮ ಯಜಮಾನರು ಅಷ್ಟರಲ್ಲಿ ಕೇಸರಿಬಾತು ಮುಗಿಸಿದ್ದರು. ಮೀಸೆಯವರು ಅವರನ್ನೇ ಅಡಿಯಿಂದ ಮುಡಿಯವರೆಗೆ ನೋಡುತ್ತಿದ್ದರು. ನಮ್ಮವರಿಗೆ ನಲವತ್ತೆರಡು, ಕಿವಿಯ ಹತ್ತಿರ ನೆರೆತಿದೆ, ತಲೆಯಲ್ಲಿ ಗರಿಯ ಕಿರೀಟ. ಮನೆಯಾಕೆ ಗಂಡನ ಕಿವಿಯಲ್ಲಿ ಹೇಳಿದ್ದು ನನಗೂ ಕೇಳಿಸಿತು. "ಹುಡ್ಗ ಒಸಿ ವಯಸ್ಸಾದಂಗಿಲ್ವಾ?"

ಮೀಸೆಯವರು ಗಂಟಲು ಸರಿಮಾಡಿಕೊಂಡು, "ಇವ್ರು ಏನಾಗ್ಬೇಕು?" ಎಂದು ನನ್ನನ್ನು ತೋರಿಸಿದರು.

"ನನ್ನ ಹೆಂಡ್ತಿ," ಅಂದರು ನಮ್ಮವರು. "ಇವು ನಮ್ಮ ಮಕ್ಳು."

ಮನೆಯಾಕೆ ಖಾಲಿ ಕೇಸರಿಬಾತಿನ ತಟ್ಟೆಯನ್ನು ನೋಡಿದರು. ನನ್ನ ಮಗ, "ಇನ್ನೊಂದು ಸ್ವಲ್ಪ ಹಾಕ್ತೀರಾ?" ಅಂದ.

ಅಂದು ಅವರ ಮಗಳನ್ನು ನೋಡಲು ಅರಸೀಕೆರೆ ಕಡೆಯಿಂದ ಗಂಡಿನವರು ಬರುವವರಿದ್ದರು. ನಾವು ಗಂಡಿನವರಲ್ಲ, ಸೂರ್ಯನನ್ನು ಹುಡುಕಿಕೊಂಡು ಬಂದವರು ಎಂದು ತಿಳಿಸಲು ನನಗೆ ಹತ್ತು ನಿಮಿಷ ಬೇಕಾಯಿತು. ಸುಳ್ಳು ಹೇಳುವುದಾಗಿದ್ದರೆ ಬೇಗ ಮುಗಿಯುತ್ತಿತ್ತು. ಹೇಳುತ್ತಾ ಹೋದಂತೆ ನನಗೇ ನಾಚಿಕೆಯಾಗುತ್ತಿತ್ತು. ಅತ್ತೆ ಮಾತ್ರ ನೇರವಾಗಿ ಕೂತು, ನಾನು ಬಿಟ್ಟದ್ದನ್ನೆಲ್ಲ ಸೇರಿಸುತ್ತಿದ್ದರು. ಅದೇ ಹೊತ್ತಿಗೆ ಮೀಸೆಯವರ ಫೋನು ಬಡಿದುಕೊಂಡಿತು. ಗಂಡಿನವರ ಕಾರು ಪಂಕ್ಚರು, ಬರುವುದು ತಡ. ಫೋನಿಟ್ಟು ಅವರು ನಮ್ಮನ್ನೆಲ್ಲ ಒಂದು ಸುತ್ತು ನೋಡಿದರು. ಅತ್ತೆಯ ಓರೆ ಕಿರೀಟದ ಹತ್ತಿರ ಬಂದಾಗ ಅವರ ಮೀಸೆ ಅಲ್ಲಾಡಿತು. ನಗಲು ಶುರುಮಾಡಿದವರು ಕುರ್ಚಿ ಹಿಡಿದುಕೊಂಡರು.

ನಗು ಕೇಳಿ ಮದುವೆಯ ಹುಡುಗಿ ಹೊರಗೆ ಬಂದಳು. ಹಸಿರು ರೇಷ್ಮೆ ಸೀರೆ, ಮುಡಿ ತುಂಬ ಮಲ್ಲಿಗೆ. ಹೈಸ್ಕೂಲಿನಲ್ಲಿ ಲೆಕ್ಕ ಪಾಠ ಮಾಡುವವಳಂತೆ. ನಡೆದದ್ದನ್ನು ತಂದೆ ಹೇಳಿದ ಮೇಲೆ ಅವಳು ನಗಲಿಲ್ಲ. ಅಂಗಳದಲ್ಲಿ ಒರಗಿಸಿದ್ದ ಗಳವನ್ನು ನೋಡಿ, ನನ್ನ ಮಗಳನ್ನು ಕೇಳಿದಳು.

"ಇದ್ಯಾಕೆ ತಂದಿದ್ದೀಯ ಪುಟ್ಟ?"

"ಸುತ್ತ ಕುಣಿಯೋಕೆ. ಮತ್ತೆ ನೆರಳು ನೋಡೋಕೆ. ಇವತ್ತು ಮಧ್ಯಾಹ್ನ ಸೂರ್ಯ ನೆತ್ತಿ ಮೇಲೆ ಬರ್ತಾನಲ್ಲ, ನೆರಳೇ ಇರಲ್ಲ."

"ನಮ್ಮ ಕಡೆ ಇರುತ್ತೆ," ಅಂದಳು ಹುಡುಗಿ. "ಏಪ್ರಿಲ್ ತಿಂಗಳಲ್ಲೇ ನಮ್ಮ ನೆತ್ತಿ ದಾಟಿ ಉತ್ತರಕ್ಕೆ ಹೋಗಿದ್ದಾನೆ. ಇವತ್ತು ನೆರಳು ದಕ್ಷಿಣಕ್ಕೆ ಬೀಳ್ಬೇಕು."

"ನಡು ಹಗ್ಲು ನೆರಳು ತೆಂಕ್ಲಿಗಾ?" ಅಂದರು ಅತ್ತೆ. "ಬಡಗ್ಲಿಗೆ ಕಣವ್ವ. ನಾನು ಹುಟ್ಟಿದಾಗಿಂದ ನೋಡಿವ್ನಿ."

"ನಾನೂ ಐವತ್ತು ವರ್ಷದಿಂದ ಇದೇ ಅಂಗ್ಳದಾಗೆ ಇವ್ನಿ," ಅಂದರು ಮೀಸೆಯವರು. "ಬಡಗ್ಲಿಗೇ."

ಹುಡುಗಿ ಗಡಿಯಾರ ನೋಡಿಕೊಂಡಳು. ಹನ್ನೆರಡು ಇಪ್ಪತ್ತು. ಇನ್ನು ಐದಾರು ನಿಮಿಷಕ್ಕೆ ನಡು ಹಗಲು, ಬೇಗ ನೆಡಿ ಅಂದಳು. ಮೀಸೆಯವರೇ ಹಾರೆ ತಂದು ಅಂಗಳದ ನಡುವೆ ಗುಳಿ ತೆಗೆದರು. "ಇಸ್ತ್ರಿ ಅಂಗಿ ಕಣ್ರೀ!" ಎಂದು ಅವರ ಹೆಂಡತಿ ಕೂಗುತ್ತಿದ್ದರು. ನಮ್ಮವರು ಗಳವನ್ನು ನೆಟ್ಟಗೆ ಹಿಡಿದರು, ಹುಡುಗಿ ನೂಲಿಗೆ ಕಲ್ಲು ಕಟ್ಟಿ ವಾಲಿದೆಯೇ ಎಂದು ನೋಡಿದಳು. ಆಮೇಲೆ ಎರಡು ಮನೆಯ ಎಂಟೂ ಜನ ಆ ಗಳದ ಸುತ್ತ ನಿಂತು ಆಕಾಶ ನೋಡತೊಡಗಿದೆವು. ಅಪರಿಚಿತರ ಅಂಗಳದಲ್ಲಿ, ಹೊಟ್ಟೆ ಹಸಿದು, ತಲೆಗೆ ಗರಿ ಕಟ್ಟಿಕೊಂಡು ನಿಂತು ನಾನು ಮನಸ್ಸಿನಲ್ಲೇ ಬೇಡಿಕೊಂಡದ್ದು ಮಾತ್ರ ನಿಜವಾದ ಭಕ್ತಿಯಿಂದ.

ಗಾಳಿ ಬಂತು. ಮೋಡದ ಅಂಚು ಬೆಳ್ಳಗಾಯಿತು. ಆಮೇಲೆ ಯಾರೋ ಹೊದಿಕೆ ಎಳೆದ ಹಾಗೆ ಬಿಸಿಲು ಬಿತ್ತು.

ಅತ್ತೆ ಎರಡೂ ಕೈ ಎತ್ತಿ ಮುಗಿದರು. "ಬಂದ್ಯಾ ತಂದೆ," ಅಂದರು. ಅಷ್ಟು ಮೆತ್ತಗೆ ಅವರು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಕಣ್ಣಲ್ಲಿ ನೀರು ಬಂದಿತ್ತು, ಸೂರ್ಯನನ್ನು ನೇರ ನೋಡಿದ್ದಕ್ಕೋ ಏನೋ. "ಎಪ್ಪತ್ತೊಂದು ವರ್ಷ ತಪ್ಪಿಸ್ಬುಟ್ಟೆ, ಹೊಟ್ಟೆಗೆ ಹಾಕ್ಕೋ."

"ಅಜ್ಜಿ, ಕೆಳಗೆ ನೋಡಿ," ಅಂದಳು ಹುಡುಗಿ.

ಗಳದ ನೆರಳು ಒಂದೂವರೆ ಗೇಣು. ದಕ್ಷಿಣಕ್ಕೆ. ಮೀಸೆಯವರು ಅದನ್ನು ನೋಡಿದರು, ತಮ್ಮ ಮನೆಯನ್ನು ನೋಡಿದರು, ತೋಟವನ್ನು ನೋಡಿದರು. ದಿಕ್ಕುಗಳೆಲ್ಲ ಇದ್ದಲ್ಲೇ ಇದ್ದವು. "ಐವತ್ತು ವರ್ಷ ಈ ಟೇಮಿಗೆ ನಾನು ಉಣ್ತಾ ಇದ್ನಲ್ಲ, ಹೆಂಗೆ ನೋಡ್ಲಿ?" ಅಂದರು. ತಮ್ಮ ಮಗಳ ಕಡೆ ನೋಡಿದ ಅವರ ನೋಟದಲ್ಲಿ ಹೊಸದೇನೋ ಇತ್ತು.

ಮಕ್ಕಳು ಕುಣಿಯಲು ಶುರು ಮಾಡಿದರು. ನನ್ನ ಮಗ ಹುಡುಗಿಯ ಕೈ ಹಿಡಿದು ಎಳೆದ. ಅವಳು ಒಂದು ಕ್ಷಣ ತಾಯಿಯನ್ನು ನೋಡಿ, ಸೀರೆಯ ನೆರಿಗೆ ಎತ್ತಿ ಹಿಡಿದು, ಮೂರು ಸುತ್ತು ಕುಣಿದಳು. ಅಂಚಿಗೆ ಕೆಸರು ಮೆತ್ತಿತು. ಬಿಸಿಲು ಅಷ್ಟರಲ್ಲಿ ಹೋಗಿತ್ತು.

ಎಲೆ ಹಾಕಿ ಎಲ್ಲರೂ ಅಲ್ಲೇ ಉಂಡೆವು. ಎಳೆ ಮುರಿಯಬಾರದೆಂಬ ನಿಯಮವನ್ನು ಮಗ ಮೀಸೆಯವರಿಗೂ ವಿಧಿಸಿದ. ಅವರು ತಲೆ ಹಿಂದಕ್ಕೆ ಹಾಕಿ, ಒಂದು ಎಳೆಯನ್ನು ಕೈ ಮೇಲೆತ್ತಿ ಬಾಯಿಗೆ ಇಳಿಸಿಕೊಂಡರು, ಮೀಸೆಯಿಂದ ಕಾಯಿಹಾಲು ತೊಟ್ಟಿಕ್ಕಿತು. ಕೇಸರಿಬಾತು ಖಾಲಿ ಮಾಡಿದ್ದಕ್ಕೆ ಬದಲಾಗಿ ಅರ್ಧ ಡಬರಿ ಶಾವಿಗೆಯನ್ನು ಅವರ ಗಂಡಿನವರಿಗೆಂದು ಬಿಟ್ಟು, ಸುಮಾರು ಎರಡೂವರೆಗೆ ಹೊರಟೆವು.

ಮಣ್ಣಿನ ರಸ್ತೆ ಟಾರು ರಸ್ತೆಗೆ ಸೇರುವಲ್ಲಿ ಒಂದು ಬಿಳಿ ಕಾರು ನಿಂತಿತ್ತು. ಒಬ್ಬ ಇಳಿದು ಬಂದು ಮನೆಯ ದಾರಿ ಕೇಳಿದ. ಇಪ್ಪತ್ತೆಂಟು ಮೂವತ್ತರ ವಯಸ್ಸು, ಹೊಸ ಅಂಗಿ, ಟೈರು ಬಿಚ್ಚಿ ಕೈ ಕಪ್ಪಾಗಿತ್ತು. ಇವನೇ ಎಂದು ನಮಗೆಲ್ಲ ತಿಳಿಯಿತು. ನಮ್ಮವರು ದಾರಿ ಹೇಳಿದರು. ಅವನು ಕಿರೀಟಗಳನ್ನು ನೋಡಿ, ಕೇಳಲೋ ಬೇಡವೋ ಎಂದು ನಿಂತು, ಕೊನೆಗೆ, "ನೀವು ಅವ್ರ ಮನೆಯಿಂದ್ಲೇ ಬರ್ತಿದ್ದೀರಾ? ಹುಡುಗಿ ಹೆಂಗವ್ರೆ?" ಅಂದ.

"ಬಂಗಾರ," ಅಂದರು ಅತ್ತೆ. "ನೋಡಪ್ಪ, ಅಂಗ್ಳದಾಗೆ ಒಂದು ಗಳ ನೆಟ್ಟೈತೆ. ನಡು ಹಗ್ಲು ನೆರಳು ಯಾವ ಕಡಿಕೆ ಅಂತ ಕೇಳಿದ್ರೆ ತೆಂಕ್ಲಿಗೆ ಅನ್ನು. ಯಾಕೆ ಅಂತ ಕೇಳಿದ್ರೆ ಗೊತ್ತಿಲ್ಲ ಅನ್ನು. ಸುಳ್ಳು ಹೇಳ್ಬೇಡ."

ಅವನು ಗಂಭೀರವಾಗಿ ತಲೆಯಾಡಿಸಿದ. ವಾರದ ಮೇಲೆ ಆ ಮನೆಯಾಕೆ ಅತ್ತೆಗೆ ಫೋನು ಮಾಡಿ ಹೇಳಿದ್ದು ಇಷ್ಟು. ಯಾರೂ ಏನೂ ಕೇಳುವ ಮೊದಲೇ ಹುಡುಗ ಕುರ್ಚಿಯಲ್ಲಿ ಕೂತು, "ತೆಂಕ್ಲಿಗೆ" ಅಂದನಂತೆ. ಅವನ ತಂದೆ ತಾಯಿ ಗಾಬರಿಯಾದರಂತೆ. ಹುಡುಗಿ ನಕ್ಕಳಂತೆ. ಮಾತುಕತೆ ಇನ್ನೂ ನಡೆಯುತ್ತಿದೆ, ಅವಳು ಕೆಲಸ ಬಿಡುವುದಿಲ್ಲ ಅಂದಿದ್ದಾಳೆ, ಗಂಡಿನವರು ಯೋಚಿಸಿ ಹೇಳುತ್ತೇವೆ ಅಂದಿದ್ದಾರೆ.

ಅಂದು ನಾವು ಮನೆ ಮುಟ್ಟಿದಾಗ ಐದೂಮುಕ್ಕಾಲು. ದಾರಿಯಲ್ಲಿ ಮಳೆ ಹಿಡಿದು ಒಂದು ಬಸ್ ಸ್ಟಾಪಿನಲ್ಲಿ ಬಹಳ ಹೊತ್ತು ನಿಂತಿದ್ದೆವು. ಪಾತ್ರೆ ಇಳಿಸಿ, ಬಟ್ಟೆ ಬದಲಿಸಿ, ಜಗಲಿಯ ಮೇಲೆ ಕೂತೆವು. ಎಲ್ಲರಿಗೂ ಕಣ್ಣು ಎಳೆಯುತ್ತಿತ್ತು. ಆದರೆ ಹಗಲು ಮಲಗುವ ಹಾಗಿಲ್ಲ, ಹಗಲು ಮುಗಿದೂ ಇಲ್ಲ.

"ಇನ್ನೂ ಎಷ್ಟು ಹೊತ್ತೈತೆ?" ಅಂದರು ಅತ್ತೆ.

ಮಗಳು ಫೋನು ನೋಡಿದಳು. "ಆರೂ ನಲವತ್ತೊಂಬತ್ತಕ್ಕೆ ಮುಳುಗ್ತಾನೆ. ಇನ್ನೂ ಒಂದು ಗಂಟೆ."

"ನಿನ್ನೆಗಿಂತ ಎಷ್ಟು ದೊಡ್ಡದು ಇವತ್ತು?"

ಮಗಳು ಮತ್ತೆ ನೋಡಿದಳು. "ಒಂದು ಸೆಕೆಂಡೂ ಇಲ್ಲ ಅಜ್ಜಿ" ಅಂದಳು.

ಆ ಒಂದು ಗಂಟೆಯಲ್ಲಿ ಮಾಡಲು ಯಾರಿಗೂ ಏನೂ ಉಳಿದಿರಲಿಲ್ಲ. ಒಲೆ ಹಚ್ಚಬೇಕಿರಲಿಲ್ಲ, ಊಟ ಮಿಕ್ಕಿತ್ತು. ಎದುರು ಮನೆಯವರು ಹಸು ಹೊಡೆದುಕೊಂಡು ಬಂದು, "ಏನು, ಎಲ್ರೂ ಹಿಂಗೆ ಕೂತಿದ್ದೀರಿ? ಯಾರಾದ್ರೂ ಬರ್ತಾರಾ?" ಅಂದರು.

"ಹಗ್ಲು ಮುಗೀಲಿ ಅಂತ ಕಾಯ್ತಾ ಇವ್ನಿ ಕಣವ್ವ," ಅಂದರು ಅತ್ತೆ.

ಅವರು ಹಸು ಕಟ್ಟಿ ಬಂದು, ನಮ್ಮ ಜಗಲಿಯ ತುದಿಯಲ್ಲಿ ಕೂತುಕೊಂಡರು. ಮಗ ನನ್ನ ತೊಡೆಯ ಮೇಲೆ ಆಗಲೇ ನಿದ್ದೆ ಹೋಗಿದ್ದ. ಅತ್ತೆ ನೋಡಿಯೂ ನೋಡದಂತೆ ತೋಟದ ಕಡೆ ಮುಖ ಮಾಡಿದರು. ಬೆಳಕು ಬಹಳ ನಿಧಾನವಾಗಿ, ಯಾವ ಅವಸರವೂ ಇಲ್ಲದೆ ಹೋಗುತ್ತಿತ್ತು.